ದೇವರನ್ನು ಪಾತ್ರವಾಗಿಸಿ ಹಾಸ್ಯ ಬರೆಯಬಹುದೇ? ಅಗಸ್ತ್ಯರ ಖಾಲಿ ಕಮಂಡಲುವಿನ ಕಥೆಯ ಬಗ್ಗೆ ಅಭಿಪ್ರಾಯ ಬೇಕು

ಭಾಗಮಂಡಲದ ಸೊಸೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಾವೇರಿ ಸಂಕ್ರಮಣಕ್ಕೆಂದು ನಮ್ಮ ಕಡೆಯ ಒಂದು ಸಂಘ ಹೊರತರುವ ಸ್ಮರಣ ಸಂಚಿಕೆಗೆ ನಾನು ಒಂದು ಹಾಸ್ಯ ಕಥೆ ಬರೆದುಕೊಟ್ಟಿದ್ದೆ. ಅಗಸ್ತ್ಯ ಮಹರ್ಷಿಗಳು ಕಾವೇರಿಯನ್ನು ಕಮಂಡಲುವಿನಲ್ಲಿ ಇರಿಸಿ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಆಕೆ ಹರಿದುಹೋದ ಪ್ರಸಂಗವೇ ಅದರ ವಸ್ತು. ವಿಂಧ್ಯ ಪರ್ವತವನ್ನು ಬಗ್ಗಿಸಿದ, ಸಮುದ್ರವನ್ನೇ ಆಪೋಶನ ಮಾಡಿದ ಆ ಮಹಾನುಭಾವರು ಖಾಲಿ ಕಮಂಡಲುವನ್ನು ಬೋರಲು ಹಿಡಿದು ಅಲುಗಾಡಿಸುತ್ತಾ, ಸಿಕ್ಕಸಿಕ್ಕವರನ್ನೆಲ್ಲ "ನಮ್ಮ ಮನೆಯವರು ಈ ದಾರಿಯಲ್ಲಿ ಹೋದರೇ?" ಎಂದು ವಿಚಾರಿಸುತ್ತಾ ಬ್ರಹ್ಮಗಿರಿಯಿಂದ ಬಲಮುರಿಯವರೆಗೆ ನಡೆಯುತ್ತಾರೆ. ನದಿಯ ರಭಸಕ್ಕೆ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿದ ಬಲಮುರಿಯ ಹೆಂಗಸರು ಅವರಿಗೆ ದಾರಿ ತೋರಿಸುವುದನ್ನು ಬಿಟ್ಟು, "ಒಂಟಿಯಾಗಿ ಬಿಟ್ಟು ಹೋಗುವುದಿಲ್ಲ ಎಂದು ಮದುವೆಗೆ ಮೊದಲು ಮಾತು ಕೊಟ್ಟವರು ನೀವೇ ಅಲ್ಲವೇ?" ಎಂದು ಅಲ್ಲಿಯೇ ಪಂಚಾಯಿತಿ ಕೂರಿಸುತ್ತಾರೆ.

ದೇವರ ವಿಷಯದಲ್ಲಿ ತಮಾಷೆ ಬೇಡ ಎಂದು ಸಂಚಿಕೆಯವರು ಕಥೆಯನ್ನು ಹಿಂದಿರುಗಿಸಿದರು. ಅದಕ್ಕಿಂತ ಹೆಚ್ಚು ಗೊಂದಲವಾದದ್ದು ಮನೆಯಲ್ಲಿ. ನಮ್ಮ ಅತ್ತೆಯವರು ಕಥೆಯನ್ನು ಓದಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು "ಚೆನ್ನಾಗಿದೆ, ಆದರೆ ಅಚ್ಚು ಹಾಕಿಸಬೇಡ" ಎಂದರು. ಅವರ ನಗುವನ್ನು ನಂಬಬೇಕೋ ಮಾತನ್ನು ನಂಬಬೇಕೋ ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ಒಂದೇ ಸಾಲು

ಅತ್ತೆಯವರು ನಕ್ಕ ಮೇಲೆ ಯಾವ ಸಂಪಾದಕರ ಒಪ್ಪಿಗೆಯೂ ಬೇಕಾಗಿಲ್ಲ.

ಹಳೆಯ ಮೇಷ್ಟ್ರು, ವಿರಾಜಪೇಟೆ

ಅಮ್ಮಾ, ದೇವರ ವಿಷಯದಲ್ಲಿ ತಮಾಷೆ ಬೇಡ ಎನ್ನುವವರು ಕನ್ನಡ ಸಾಹಿತ್ಯದ ಅರ್ಧ ಭಾಗವನ್ನು ಮನೆಯಿಂದ ಹೊರಗೆ ಹಾಕಬೇಕಾಗುತ್ತದೆ. ಹರಿಹರನ ನಂಬಿಯಣ್ಣನ ರಗಳೆಯನ್ನೇ ತೆಗೆದುಕೊಳ್ಳಿ. ಭಕ್ತನಿಗೂ ಅವನ ಪ್ರಿಯೆಗೂ ಜಗಳವಾದಾಗ, ಮುನಿದುಕೊಂಡವಳನ್ನು ಒಲಿಸಲು ಸಾಕ್ಷಾತ್ ಶಿವನೇ ದೂತನಾಗಿ ತಿರುಗಾಡುತ್ತಾನೆ. ಮೂರು ಲೋಕದ ಒಡೆಯನಿಗೆ ಮಧ್ಯಸ್ಥನ ಕೆಲಸ! ಅದನ್ನು ಓದಿದವರು ನಕ್ಕಿದ್ದಾರೆ, ಆದರೆ ಅದರಿಂದ ಶಿವನ ಮೇಲಿನ ಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ. ಅಷ್ಟು ದೊಡ್ಡವನು ಭಕ್ತನಿಗಾಗಿ ಅಷ್ಟು ಸಣ್ಣ ಕೆಲಸಕ್ಕೆ ಇಳಿದನಲ್ಲ ಎಂಬುದರಲ್ಲಿಯೇ ಅಲ್ಲಿನ ನಗುವೂ ಭಕ್ತಿಯೂ ಒಟ್ಟಿಗೆ ಇವೆ.

ಕನಕದಾಸರ ರಾಮಧಾನ್ಯ ಚರಿತೆಯನ್ನೂ ನೋಡಿ. ಗೌತಮರ ಆಶ್ರಮದಲ್ಲಿ ರಾಗಿಗೂ ಭತ್ತಕ್ಕೂ ತಾನು ಶ್ರೇಷ್ಠ ತಾನು ಶ್ರೇಷ್ಠ ಎಂದು ಜಗಳವಾಗುತ್ತದೆ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೊನೆಗೆ ಭತ್ತ ಸೊರಗಿ ರಾಗಿ ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನೇ ಪಡೆಯುತ್ತದೆ. ಧಾನ್ಯಗಳನ್ನು ಸೆರೆಮನೆಗೆ ಕಳುಹಿಸುವ ನ್ಯಾಯಾಧೀಶನಾಗಿ ರಾಮನನ್ನು ಕಲ್ಪಿಸಿಕೊಳ್ಳುವುದಕ್ಕೆ ಎಂಥ ಸಲುಗೆ ಬೇಕು! ಅಷ್ಟಾದರೂ ಅಲ್ಲಿ ನಗೆಪಾಟಲಾಗುವುದು ಮೇಲುಕೀಳಿನ ಅಹಂಕಾರವೇ ಹೊರತು ರಾಮನಲ್ಲ. ನಿಮ್ಮ ಕಥೆಯನ್ನು ಈ ಒಂದು ಒರೆಗೆ ಹಚ್ಚಿ ನೋಡಿ. ಅದರಲ್ಲಿ ನಗೆಪಾಟಲಾಗುತ್ತಿರುವುದು ಅಗಸ್ತ್ಯರ ತಪಸ್ಸೋ, ಅಥವಾ ಹೆಂಡತಿಯನ್ನು ಪಾತ್ರೆಯಲ್ಲಿಟ್ಟು ಭದ್ರವಾಗಿದೆ ಎಂದುಕೊಂಡ ಗಂಡಸಿನ ನಂಬಿಕೆಯೋ?

ಕಡಂಬುಟ್ಟು

ಮೇಷ್ಟ್ರೇ, ಉದಾಹರಣೆ ಚೆನ್ನಾಗಿದೆ, ಆದರೆ ಭತ್ತ ಸೋಲುವ ಕಥೆಯನ್ನು ಕೊಡಗಿನಲ್ಲಿ ಹೇಳುವಾಗ ಸ್ವಲ್ಪ ಸುತ್ತಮುತ್ತ ನೋಡಿಕೊಳ್ಳಬೇಕು. ನಾವು ಹೊಸ ಭತ್ತದ ಹಬ್ಬವಾದ ಪುತ್ತರಿಯ ರಾತ್ರಿ ಕೋವಿ ಹಾರಿಸಿ, "ಪೊಲಿ ಪೊಲಿ ದೇವಾ" ಎಂದು ಕೂಗಿ ಕದಿರು ತೆಗೆಯುವ ಜನ. ನಮ್ಮ ಧಾನ್ಯವನ್ನು ಆರು ತಿಂಗಳು ಸೆರೆಯಲ್ಲಿಟ್ಟ ತೀರ್ಪಿಗೆ ನಾವು ಮೇಲ್ಮನವಿ ಸಲ್ಲಿಸುತ್ತೇವೆ.

ತಿತಿಮತಿ ರಸ್ತೆ

ನೀವು ಹರಿಹರ, ಕನಕದಾಸರವರೆಗೆ ಹೋಗುವ ಮೊದಲು ದೇವರಪುರದವರೆಗೆ ಬನ್ನಿ. ಪ್ರತಿ ವರ್ಷ ಮೇ ತಿಂಗಳಿನಲ್ಲಿ ಅಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಹೆಣ್ಣುವೇಷ ಹಾಕಿ, ಮೈಗೆ ಬಣ್ಣ ಬಳಿದುಕೊಂಡು, ಡಬ್ಬ ಬಡಿಯುತ್ತಾ, ದಾರಿಯಲ್ಲಿ ಸಿಕ್ಕವರಿಂದ ಕಾಸು ಕೇಳುತ್ತಾ ಬಂದು ಅಯ್ಯಪ್ಪ ದೇವರನ್ನು ಬಾಯಿ ತುಂಬ ಬೈಯುತ್ತಾರೆ. ತಮ್ಮನ್ನು ಬೇಟೆಗೆಂದು ಕಾಡಿಗೆ ಕರೆತಂದ ದೇವರು ಭದ್ರಕಾಳಿಯನ್ನು ಕಂಡದ್ದೇ ತಡ, ಇವರನ್ನು ನಡುಕಾಡಿನಲ್ಲಿ ಬಿಟ್ಟು ಆಕೆಯ ಹಿಂದೆ ಹೋದನೆಂಬುದು ಅವರ ದೂರು. ದಿನವಿಡೀ ಬೈದು, ಕೊನೆಗೆ ದೇವಸ್ಥಾನದಲ್ಲಿ ತಪ್ಪು ಕಾಣಿಕೆ ಹಾಕಿ ಮನೆಗೆ ಹೋಗುತ್ತಾರೆ. ಮರುವರ್ಷ ಅದೇ ದೂರು, ಅದೇ ಬೈಗುಳ.

ಜಿಲ್ಲೆಯ ಒಂದು ತುದಿಯಲ್ಲಿ ದೇವರನ್ನು ಬೈಯುವುದೇ ಹಬ್ಬವಾಗಿರುವಾಗ, ಇನ್ನೊಂದು ತುದಿಯಲ್ಲಿ ಋಷಿಯೊಬ್ಬರು ಹೆಂಡತಿಯನ್ನು ಹುಡುಕುತ್ತಾ ನಡೆಯುವ ಕಥೆಗೆ ಇಷ್ಟು ಹೆದರಿಕೆ ಏಕೆ ಎಂಬುದು ನನಗಂತೂ ಅರ್ಥವಾಗಿಲ್ಲ.

ಗೋಣಿಕೊಪ್ಪದ ಓದುಗಿ

ತಿತಿಮತಿಯವರೇ, ನಿಮ್ಮ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಕುಂಡೆ ಹಬ್ಬ ಹಾಸ್ಯ ಸಾಹಿತ್ಯವಲ್ಲ, ಅದು ಹರಕೆ. ಬೈಯುವವರು ತಮ್ಮನ್ನು ದೇವರು ನಿಜವಾಗಿಯೂ ಕೈಬಿಟ್ಟನೆಂದು ಹೇಳುತ್ತಿದ್ದಾರೆ, ಮತ್ತು ಆ ಕೈಬಿಟ್ಟವರ ಸಾಲಿನಲ್ಲಿ ದೇವರೊಬ್ಬನೇ ಇಲ್ಲ ಎಂಬುದು ಆ ದಿನ ತೋಟದ ಧಣಿಗಳ ಮನೆಬಾಗಿಲಲ್ಲಿ ಡಬ್ಬ ಬಡಿಯುವುದನ್ನು ಕಂಡವರಿಗೆಲ್ಲ ಗೊತ್ತು. ಅವರಿಗೆ ಆ ಬೈಗುಳದ ಹಕ್ಕು ಕಷ್ಟದಿಂದ ಬಂದದ್ದು. ನಮ್ಮಂಥವರು ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಮೊಬೈಲಿನಲ್ಲಿ ಅದನ್ನು ಚಿತ್ರಿಸಿಕೊಂಡು, "ನೋಡಿ, ನಮ್ಮಲ್ಲಿ ದೇವರನ್ನೂ ಬೈಯುತ್ತಾರೆ" ಎಂದು ನಮ್ಮ ಕಥೆಗೆ ರಹದಾರಿ ಮಾಡಿಕೊಳ್ಳುವುದು ಸರಿಯಲ್ಲ.

ತಿತಿಮತಿ ರಸ್ತೆ

ರಹದಾರಿ ಎಂದು ನಾನು ಹೇಳಲಿಲ್ಲ. ಆದರೆ ನಿಮ್ಮ ಮಾತಿನಿಂದಲೇ ಒಂದು ಪ್ರಶ್ನೆ ಹುಟ್ಟುತ್ತದೆ. ದೇವರ ಮೇಲೆ ದೂರು ಇರುವವರಿಗೆ ಮಾತ್ರ ದೇವರ ಬಗ್ಗೆ ನಗುವ ಹಕ್ಕಿದೆ ಎಂದಾದರೆ, ಬಲಮುರಿಯ ಆ ಹೆಂಗಸರಿಗೂ ದೂರು ಇದೆಯಲ್ಲವೇ? ಇವರ ಕಥೆಯಲ್ಲಿ ಅಗಸ್ತ್ಯರನ್ನು ಪ್ರಶ್ನಿಸುವವರು ಅವರೇ. ಲೇಖಕಿ ಮೇಲೆ ನಿಂತು ನಗುತ್ತಿಲ್ಲ, ಆ ಗುಂಪಿನೊಳಗೆ ನಿಂತು ಕೇಳುತ್ತಿದ್ದಾರೆ.

ಗೋಣಿಕೊಪ್ಪದ ಓದುಗಿ

ಅದು ಒಪ್ಪತಕ್ಕ ಮಾತು. ಹೋಲಿಕೆಯ ಬಗ್ಗೆ ನನ್ನ ತಕರಾರು ಹಾಗೆಯೇ ಇರಲಿ.

ಪ್ರವಾಸಿ ಮಿತ್ರ

ಒಂದು ಸಣ್ಣ ಸಂದೇಹ. ಬಲಮುರಿ ಎಂದರೆ ಶ್ರೀರಂಗಪಟ್ಟಣದ ಹತ್ತಿರ ಜನ ಈಜಲು ಹೋಗುವ ಜಾಗವಲ್ಲವೇ? ಅಗಸ್ತ್ಯರು ಅಷ್ಟು ದೂರ ನಡೆದರೇ?

ಭಾಗಮಂಡಲದ ಸೊಸೆ

ಅದು ಬೇರೆ ಬಲಮುರಿ. ನಾನು ಹೇಳುತ್ತಿರುವುದು ಮೂರ್ನಾಡಿನ ಕಡೆ ಕಾವೇರಿಯ ದಂಡೆಯಲ್ಲಿರುವ ನಮ್ಮ ಬಲಮುರಿ. ಮಹರ್ಷಿಗಳ ಕಾಲಿಗೆ ನಾನು ಅಷ್ಟೊಂದು ನೋವು ಕೊಟ್ಟಿಲ್ಲ.

ಸಂಪಾಜೆ ಘಟ್ಟ

ನಾವು ಘಟ್ಟದ ಕೆಳಗಿನ ಆಟ ನೋಡಿಕೊಂಡು ಬೆಳೆದವರು, ಆದ್ದರಿಂದ ಯಕ್ಷಗಾನದ ಲೆಕ್ಕದಲ್ಲಿಯೇ ಹೇಳುತ್ತೇನೆ. ಅಲ್ಲಿ ಹಾಸ್ಯಗಾರನಿಗೆ ಒಂದು ನಿಶ್ಚಿತವಾದ ಸ್ಥಳವಿದೆ. ಆತ ಬಾಗಿಲು ಕಾಯುವವನಾಗಿ, ದೂತನಾಗಿ, ಮುದುಕನಾಗಿ ದೇವರ ಪಕ್ಕದಲ್ಲಿ ನಿಲ್ಲುತ್ತಾನೆ. ದೇವರ ಪಾತ್ರಧಾರಿ ಗಾಂಭೀರ್ಯ ಬಿಡುವುದಿಲ್ಲ, ನಗು ಅವನ ಸುತ್ತಮುತ್ತ ಹುಟ್ಟುತ್ತದೆ. ರಾತ್ರಿಯಿಡೀ ಜನ ಎದ್ದು ಕೂರುವುದಕ್ಕೆ ಆ ನಗು ಬೇಕು, ಬೆಳಗಿನ ಜಾವ ದೇವಿ ಪ್ರತ್ಯಕ್ಷಳಾಗುವಾಗ ಕೈಮುಗಿಯುವುದಕ್ಕೆ ಆ ಗಾಂಭೀರ್ಯ ಬೇಕು.

ಇನ್ನು ತಾಳಮದ್ದಳೆಯಲ್ಲಿ ಸಂಧಾನಕ್ಕೆ ಬಂದ ಕೃಷ್ಣನನ್ನು ಕೌರವನ ಅರ್ಥಧಾರಿ ಬೆಣ್ಣೆ ಕದ್ದವನಿಂದ ಆರಂಭಿಸಿ ಸೀರೆ ಕದ್ದವನವರೆಗೆ ಜರೆಯುವುದನ್ನು ನೀವೆಲ್ಲ ಕೇಳಿರಬಹುದು. ಸಭೆ ನಗುತ್ತದೆ. ಆದರೆ ಎದುರಿಗೆ ಕುಳಿತ ಕೃಷ್ಣನ ಅರ್ಥಧಾರಿಗೂ ಉತ್ತರ ಕೊಡುವ ಅವಕಾಶವಿರುತ್ತದೆ, ಆ ಉತ್ತರಕ್ಕೆ ಸಭೆ ಇನ್ನೂ ಜೋರಾಗಿ ನಗುತ್ತದೆ. ನನ್ನ ಮಟ್ಟಿಗೆ ಇದೇ ಮುಖ್ಯ. ದೇವರನ್ನು ಪಾತ್ರ ಮಾಡಿದ ಮೇಲೆ ಅವನಿಗೆ ಬಾಯಿಯನ್ನೂ ಬುದ್ಧಿಯನ್ನೂ ಕೊಡಬೇಕು. ಮೂಕನನ್ನಾಗಿ ನಿಲ್ಲಿಸಿ ನಗುವುದು ಹಾಸ್ಯವಲ್ಲ. ನಿಮ್ಮ ಕಥೆಯಲ್ಲಿ ಅಗಸ್ತ್ಯರು ಹೆಂಗಸರಿಗೆ ಏನು ಉತ್ತರ ಕೊಡುತ್ತಾರೆ?

ಭಾಗಮಂಡಲದ ಸೊಸೆ

ಬಹಳ ಹೊತ್ತು ಏನೂ ಹೇಳುವುದಿಲ್ಲ. ಆಮೇಲೆ, "ಸಮುದ್ರ ಕುಡಿದು ಅರಗಿಸಿಕೊಂಡೆ, ಈ ಪ್ರಶ್ನೆ ಮಾತ್ರ ಗಂಟಲಲ್ಲಿ ನಿಂತಿದೆ" ಎನ್ನುತ್ತಾರೆ.

ಸಂಪಾಜೆ ಘಟ್ಟ

ಹಾಗಾದರೆ ನನ್ನ ಆಕ್ಷೇಪಣೆ ಇಲ್ಲ. ಇಂಥ ಉತ್ತರ ಕೊಡುವ ಋಷಿಯ ಮೇಲೆ ಗೌರವ ಹೆಚ್ಚಾಗುತ್ತದೆ.

ರೊಬಸ್ಟಾ ರೈತ

ಎಲ್ಲರೂ ಕಥೆಯ ಬಗ್ಗೆ ಮಾತನಾಡುತ್ತಿರುವುದರಿಂದ ನನ್ನದೂ ಒಂದು ತುಣುಕನ್ನು ಇಲ್ಲಿ ಹಾಕುತ್ತೇನೆ.

ಕಕ್ಕಬ್ಬೆಯ ಪಾಡಿಯಲ್ಲಿ ಇಗ್ಗುತಪ್ಪ ದೇವರು ಮಳೆಯ ಅರ್ಜಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದಾರೆ. ಮೊದಲನೆಯ ಅರ್ಜಿಯವನಿಗೆ ಕಾಫಿ ಹೂವಿಗಾಗಿ ಮಾರ್ಚ್ ಆರಂಭದಲ್ಲಿ ಒಳ್ಳೆಯ ಒಂದು ಹೂಮಳೆ ಬೇಕು, ಕಾಯಿ ಕಚ್ಚಲು ಕೆಲವು ವಾರಗಳ ನಂತರ ಇನ್ನೊಂದು ಬೇಕು, ಆದರೆ ಹೂ ಅರಳಿರುವ ದಿನ ಮಾತ್ರ ಒಂದು ಹನಿಯೂ ಬೀಳಬಾರದು. ಎರಡನೆಯವನಿಗೆ ನಾಟಿಯ ಕಾಲದಲ್ಲಿ ಗದ್ದೆ ತುಂಬುವಂತೆ ಸುರಿಯಬೇಕು. ಮೂರನೆಯವನು ಕಾಫಿ ಕೊಯ್ದು ಕಣದಲ್ಲಿ ಹರಡಿದ್ದಾನೆ, ಡಿಸೆಂಬರ್, ಜನವರಿಯಲ್ಲಿ ಮೋಡದ ನೆರಳೂ ಕಾಣಬಾರದು. ನಾಲ್ಕನೆಯವನು ಹೋಂಸ್ಟೇ ನಡೆಸುತ್ತಾನೆ, ಅವನಿಗೆ ಶನಿವಾರ ಭಾನುವಾರ ಮಂಜು ಬೇಕು, ಮಳೆ ಬೇಡ. ದೇವರು ತಾಳ್ಮೆಯಿಂದ ಎಲ್ಲವನ್ನೂ ಓದಿ, "ನೀವು ನಾಲ್ವರೂ ಮೊದಲು ನಿಮ್ಮ ನಿಮ್ಮಲ್ಲಿ ಮಾತಾಡಿಕೊಂಡು ಒಮ್ಮತಕ್ಕೆ ಬನ್ನಿ" ಎಂದು ಅಪ್ಪಣೆ ಕೊಡಿಸುತ್ತಾರೆ. ಹೊರಗೆ ಹೋಗಿ ನೋಡಿದರೆ ಅಂಗಳದಲ್ಲಿ ನಿಂತಿರುವವನು ಒಬ್ಬನೇ, ನಾಲ್ಕೂ ಅರ್ಜಿಗಳು ಅವನವೇ. ದೇವರಿಗೂ ಬೇಸರ ಬಂದು, ಎಲ್ಲ ಅರ್ಜಿಗಳಿಗೂ ಒಂದೇ ದಿನ ಮಂಜೂರಾತಿ ಕೊಟ್ಟು ಮಳೆಯ ಬಾಗಿಲನ್ನು ಪೂರ್ತಿ ತೆರೆದುಬಿಡುತ್ತಾರೆ.

ಕಡಂಬುಟ್ಟು

ಆ ಅಂಗಳದಲ್ಲಿ ನಿಂತವನ ವಿಳಾಸ ನನಗೆ ಗೊತ್ತು. ನಮ್ಮ ಮನೆಯದೇ.

ಮಕ್ಕಂದೂರು ಮಣ್ಣು

ನಾಲ್ಕೂ ಅರ್ಜಿಗಳು ಒಬ್ಬನವೇ ಎಂಬಲ್ಲಿಯವರೆಗೆ ನಾನೂ ನಕ್ಕೆ, ಕೊನೆಯ ವಾಕ್ಯಕ್ಕೆ ನಗಲಾಗಲಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜಾರಿ ತೋಟ, ಮನೆ, ರಸ್ತೆಗಳು ಒಟ್ಟಿಗೆ ಹೋದದ್ದನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದು ದೇವರ ಪೂಜೆ ಮಾಡುತ್ತಿದ್ದವರೇ ಮಣ್ಣಿನಡಿ ಸೇರಿದರು. ಮಳೆಯ ದೇವರು ಬೇಸರಕ್ಕೆ ಬಾಗಿಲು ತೆರೆದುಬಿಟ್ಟ ಎಂಬುದನ್ನು ನೀವು ಹಗುರವಾಗಿ ಬರೆಯಬಹುದು, ಆ ಬಾಗಿಲಿನ ಕೆಳಗೆ ಮನೆ ಇದ್ದವರು ಹಗುರವಾಗಿ ಓದಲಾರರು.

ಇನ್ನೊಂದು ಮಾತನ್ನೂ ಸ್ಪಷ್ಟಪಡಿಸುತ್ತೇನೆ, ಇಲ್ಲದಿದ್ದರೆ ನನ್ನನ್ನು ಸಂಚಿಕೆಯ ಸಂಪಾದಕರ ಪಕ್ಷಕ್ಕೆ ಸೇರಿಸುತ್ತೀರಿ. ದೇವರಿಗೆ ಅವಮಾನವಾಯಿತೆಂಬ ದೂರು ನನ್ನದಲ್ಲ. ಇಗ್ಗುತಪ್ಪನಿಗೆ ನನ್ನ ರಕ್ಷಣೆಯ ಅಗತ್ಯವಿಲ್ಲ. ನೋವಾದದ್ದು ನನಗೆ. ಆ ವರ್ಷ ಪರಿಹಾರ ಕೇಂದ್ರದಲ್ಲಿ ಕುಳಿತು ನಮ್ಮ ಅವ್ವ ಇಗ್ಗುತಪ್ಪನನ್ನು ಹೆಸರು ಹಿಡಿದು ಬೈದರು, "ನಿನಗೆ ವರ್ಷವರ್ಷವೂ ಕಾಣಿಕೆ ಒಪ್ಪಿಸಿದವಳ ವಿಳಾಸ ಮರೆತುಹೋಯಿತೇ?" ಎಂದು ಕೇಳಿದರು. ಸುತ್ತ ಇದ್ದವರಲ್ಲಿ ಕೆಲವರು ಅಳುತ್ತಲೇ ನಕ್ಕರು. ಅಂಥ ನಗುವಿಗೆ ನನ್ನ ವಿರೋಧವಿಲ್ಲ.

ಒಂದೇ ಸಾಲು

ಇಂದು ಒಂದು ಸಾಲೂ ಹೊಳೆಯುತ್ತಿಲ್ಲ.

ರೊಬಸ್ಟಾ ರೈತ

ಅಕ್ಕ, ನನ್ನ ಕಥೆಯಲ್ಲಿ ದೇವರು ಕೊನೆಯಲ್ಲಿ ಏನನ್ನಾದರೂ ಮಾಡಲೇಬೇಕಾಗಿತ್ತು, ಏಕೆಂದರೆ ಅರ್ಜಿ ಹಾಕಿಸಿಕೊಂಡ ಮೇಲೆ ತೀರ್ಮಾನ ಕೊಡದಿದ್ದರೆ ಅವರಿಗೂ ತಾಲ್ಲೂಕು ಕಚೇರಿಗೂ ವ್ಯತ್ಯಾಸ ಇರುವುದಿಲ್ಲ. ಆ ವಾಕ್ಯದ ಬದಲಿಗೆ ನಿಮ್ಮ ಅವ್ವ ಕೇಳಿದ ಪ್ರಶ್ನೆಯನ್ನು ಐದನೆಯ ಅರ್ಜಿಯಾಗಿ ಸೇರಿಸಲು ಒಪ್ಪಿಗೆ ಕೊಡುತ್ತೀರಾ?

ಮಕ್ಕಂದೂರು ಮಣ್ಣು

ಸೇರಿಸಿ. ಆದರೆ ಆ ಅರ್ಜಿಗೆ ದೇವರು ಉತ್ತರ ಕೊಡಬಾರದು, ಜಾಣತನದ ಉತ್ತರವನ್ನಂತೂ ಕೊಡಲೇಬಾರದು. ಓದಿ, ಮಡಿಚಿ, ಉಳಿದ ನಾಲ್ಕು ಅರ್ಜಿಗಳ ಜೊತೆಗೆ ಇಡದೆ ಬೇರೆ ಇಡಲಿ.

ಸಂಪಾಜೆ ಘಟ್ಟ

ದೇವರಿಗೆ ಬಾಯಿ ಕೊಡಬೇಕೆಂದು ನಾನು ಮೇಲೆ ಬರೆದದ್ದಕ್ಕೆ ಇದು ವಿರುದ್ಧವಾಗಿದೆ, ಆದರೂ ಇಲ್ಲಿ ಅಕ್ಕನವರು ಹೇಳಿದ್ದೇ ಸರಿ ಎನಿಸುತ್ತದೆ.

ವಕಾಲತ್ತು, ಮಡಿಕೇರಿ

ಯಾರೂ ಕೇಳದಿದ್ದರೂ ಕಾನೂನಿನ ಮಾತನ್ನು ಒಂದಿಷ್ಟು ಹೇಳುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ "ಕೇಸು ಹಾಕುತ್ತೇವೆ" ಎನ್ನುವವರು ತಡವಾಗಿಯಾದರೂ ಬಂದೇ ಬರುತ್ತಾರೆ. ಧಾರ್ಮಿಕ ಭಾವನೆಗೆ ಅವಮಾನ ಮಾಡುವುದರ ವಿರುದ್ಧ 1927ರಲ್ಲಿ ದಂಡ ಸಂಹಿತೆಗೆ ಸೇರಿಸಿದ 295ಎ ಕಲಮು ಈಗ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 299ನೆಯ ಕಲಮಾಗಿದೆ, ಶಿಕ್ಷೆ ಮೂರು ವರ್ಷದವರೆಗೆ ಇದೆ. ಅದರಲ್ಲಿ ಮುಖ್ಯವಾದ ಮಾತೆಂದರೆ ಉದ್ದೇಶಪೂರ್ವಕವಾದ ಮತ್ತು ದುರುದ್ದೇಶದ ಅವಮಾನ. ತಿಳಿಯದೆ ಅಥವಾ ಅಜಾಗರೂಕತೆಯಿಂದ ಆದ ಅವಮಾನ ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲಿಯೇ ಹೇಳಿದೆ. ಅಗಸ್ತ್ಯರು ಹೆಂಡತಿಯನ್ನು ಹುಡುಕುವ ಕಥೆಯಲ್ಲಿ ದುರುದ್ದೇಶವನ್ನು ಹುಡುಕಲು ಅಗಸ್ತ್ಯರಿಗಿಂತ ಹೆಚ್ಚು ದೂರ ನಡೆಯಬೇಕಾದೀತು. ಆದರೆ ಕೇಸು ನಿಲ್ಲುವುದು ಬೇರೆ, ಕೇಸು ಹಾಕಿಸಿಕೊಂಡು ಅಲೆಯುವುದು ಬೇರೆ. ಸಣ್ಣ ಸಂಘಗಳ ಸಂಪಾದಕರು ಹೆದರುವುದು ಎರಡನೆಯದಕ್ಕೆ, ಅವರನ್ನು ಪೂರ್ತಿಯಾಗಿ ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಮಂಟಪದ ಹುಡುಗ

ಮಡಿಕೇರಿ ದಸರಾದಲ್ಲಿ ಹತ್ತು ಮಂಟಪಗಳು ವಿಜಯದಶಮಿಯ ರಾತ್ರಿ ಬೀದಿಗೆ ಬರುತ್ತವೆ. ಅವುಗಳಲ್ಲಿ ಒಂದಕ್ಕೆ ನಾನು ಕೆಲಸ ಮಾಡುತ್ತೇನೆ, ಯಾವುದೆಂದು ಹೇಳುವುದಿಲ್ಲ. ಪುರಾಣದ ಒಂದು ಕಥೆಯನ್ನು ಆರಿಸಿಕೊಂಡು, ಟ್ರ್ಯಾಕ್ಟರಿನ ಮೇಲೆ ದೇವರು, ರಾಕ್ಷಸರನ್ನೆಲ್ಲ ನಿಲ್ಲಿಸಿ, ಅವರ ಕೈ, ತಲೆ, ಬಾಯಿಗಳು ಚಲಿಸುವಂತೆ ಮಾಡಿ, ಬೆಳಕು, ಹೊಗೆ, ಸದ್ದು ಸೇರಿಸಿ ನಡುರಾತ್ರಿ ಸಾವಿರಾರು ಜನರ ಮುಂದೆ ಪ್ರದರ್ಶಿಸುತ್ತೇವೆ. ಒಂದು ಸಲ ನಮ್ಮ ಅಸುರನ ತಲೆ ಕತ್ತರಿಸಿ ಬೀಳಬೇಕಾದ ಹೊತ್ತಿಗೆ ಬೀಳಲಿಲ್ಲ. ದೇವಿ ಮೂರು ಸಲ ಕತ್ತಿ ಬೀಸಿದರೂ ಅಸುರ ತಲೆ ಅಲ್ಲಾಡಿಸುತ್ತಲೇ ಇದ್ದ. ಕೊನೆಗೆ ನಮ್ಮವನೊಬ್ಬ ಹಿಂದಿನಿಂದ ಹತ್ತಿ ಕೈಯಲ್ಲಿಯೇ ತಲೆ ಕಿತ್ತಾಗ ಜನ ಶಿಳ್ಳೆ ಹೊಡೆದು ನಕ್ಕರು, ಅದರ ಹಿಂದೆಯೇ ಮಂಗಳಾರತಿಯಾದಾಗ ಅದೇ ಜನ ಕೈಮುಗಿದು ನಿಂತರು.

ನನ್ನ ಅನುಭವದಲ್ಲಿ ಜನರಿಗೆ ಎರಡನ್ನೂ ಒಂದೇ ರಾತ್ರಿಯಲ್ಲಿ ಮಾಡುವ ಶಕ್ತಿ ಇದೆ, ಅಚ್ಚು ಹಾಕಿದ ಕಾಗದವನ್ನು ಕೈಯಲ್ಲಿ ಹಿಡಿದಾಗ ಮಾತ್ರ ಅದು ಏಕೋ ಮಾಯವಾಗುತ್ತದೆ. ಅತ್ತೆಯವರು "ಅಚ್ಚು ಹಾಕಿಸಬೇಡ" ಎಂದದ್ದಕ್ಕೆ ಇದೇ ಕಾರಣ ಇರಬಹುದು. ಮನೆಯ ಜಗಲಿಯ ಮೇಲೆ ಯಾರು ಹೇಳಿದರು, ಹೇಗೆ ಹೇಳಿದರು ಎಂಬುದು ಕೇಳುವವರಿಗೆ ಕಾಣುತ್ತದೆ, ಅಚ್ಚಿನಲ್ಲಿ ಅದು ಕಾಣುವುದಿಲ್ಲ.

ಭಾಗಮಂಡಲದ ಸೊಸೆ

ಇದು ನನಗೆ ಹೊಳೆದಿರಲಿಲ್ಲ. ಅತ್ತೆಯವರು ಕನ್ನಿ ಪೂಜೆಗೆ ತೆಂಗಿನಕಾಯಿಗೆ ಕೆಂಪು ಬಟ್ಟೆ ಉಡಿಸಿ, ಕರಿಮಣಿ ಹಾಕಿ ಕಾವೇರಮ್ಮನನ್ನು ಅಲಂಕರಿಸುವಾಗ, "ಈ ವರ್ಷ ಸ್ವಲ್ಪ ದಪ್ಪಗಾಗಿದ್ದೀಯಲ್ಲೇ" ಎಂದು ಆಕೆಯನ್ನೇ ಚುಡಾಯಿಸುತ್ತಾರೆ. ಅದನ್ನು ನಾನು ಬರೆದು ಅಚ್ಚು ಹಾಕಿಸಿದರೆ ಅವರೇ ಒಪ್ಪಲಾರರು.

ಸಂತ ಅನ್ನಮ್ಮನ ಬೀದಿ

ನಾವು ವಿರಾಜಪೇಟೆಯವರು, 1792ರ ಕಾಲದ ಸಂತ ಅನ್ನಮ್ಮನ ದೇವಾಲಯದ ಪಕ್ಕದಲ್ಲಿ ಬೆಳೆದವರು. ಕ್ರಿಸ್‌ಮಸ್‌ಗೆ ಮಕ್ಕಳಿಂದ ಆಡಿಸಲು ನಾನೊಂದು ಕಿರುನಾಟಕ ಬರೆದಿದ್ದೇನೆ. ಮೂಲದಲ್ಲಿ ಮರಿಯಮ್ಮನವರೂ ಜೋಸೆಫರೂ ಬೆತ್ಲೆಹೇಮಿಗೆ ಬಂದಾಗ ಛತ್ರದಲ್ಲಿ ಸ್ಥಳ ಸಿಗುವುದಿಲ್ಲ. ನನ್ನ ನಾಟಕದಲ್ಲಿ ಅವರು ಡಿಸೆಂಬರಿನ ಕೊನೆಯ ವಾರ ಮಡಿಕೇರಿಗೆ ಬರುತ್ತಾರೆ. ಒಬ್ಬ ಹೋಂಸ್ಟೇ ಮಾಲೀಕ "ಎರಡು ರಾತ್ರಿಗೆ ಕಡಿಮೆ ಕೊಡುವುದಿಲ್ಲ" ಎನ್ನುತ್ತಾನೆ, ಇನ್ನೊಬ್ಬ "ಕತ್ತೆಗೆ ಪಾರ್ಕಿಂಗ್ ಶುಲ್ಕ ಬೇರೆ" ಎನ್ನುತ್ತಾನೆ, ಮೂರನೆಯವನು "ನೋಟಕ್ಕೆ ಕಣಿವೆ ಬೇಕೋ ತೋಟ ಬೇಕೋ" ಎಂದು ಕೇಳುತ್ತಾನೆ. ಕೊನೆಗೆ ತೋಟದ ಕೂಲಿಕಾರರ ಲೈನ್‌ಮನೆಯ ಹೆಂಗಸೊಬ್ಬಳು ಕೊಟ್ಟಿಗೆಯನ್ನು ಗುಡಿಸಿ ಕೊಡುತ್ತಾಳೆ. ಮರಿಯಮ್ಮ, ಜೋಸೆಫರ ಬಾಯಿಂದ ನಾನು ಒಂದೂ ತಮಾಷೆಯ ಮಾತನ್ನು ಆಡಿಸಿಲ್ಲ, ನಗಿಸುವವರೆಲ್ಲ ನಾವೇ. ಪಾದ್ರಿಗಳು ಓದಿ, "ಮೂರನೆಯ ಮಾಲೀಕ ಯಾರೆಂದು ಊರಿಗೆಲ್ಲ ತಿಳಿಯುತ್ತದೆ, ಅವನ ಮೀಸೆಯನ್ನು ಮಾತ್ರ ತೆಗೆದುಬಿಡಿ" ಎಂದರು.

ನಾಪೋಕ್ಲು ಪೇಟೆ

ಮೇಲಿನ ನಾಟಕ ಬಹಳ ಹಿಡಿಸಿತು. ನಮ್ಮ ಕಡೆಯ ಮಾತನ್ನೂ ದಾಖಲಿಸುತ್ತೇನೆ. ಮುಸ್ಲಿಮರಲ್ಲಿ ಪ್ರವಾದಿಗಳನ್ನು ಪಾತ್ರ ಮಾಡಿ ಆಡಿಸುವ ರೂಢಿ ಇಲ್ಲ. ಇದನ್ನು ಕೆಲವರು ನಗು ಬಾರದ ಜನ ಎಂದು ತಿಳಿಯುತ್ತಾರೆ. ನಸ್ರುದ್ದೀನ್ ಮುಲ್ಲಾನ ಕಥೆಗಳನ್ನು ಕೇಳಿ ಬೆಳೆದವರನ್ನು ಹಾಗೆ ಹೇಳುವುದು ಅನ್ಯಾಯ. ಅಲ್ಲಿ ಮುಲ್ಲಾ ತಾನೇ ಪೆದ್ದನಾಗಿ ಊರಿನ ಕಾಜಿಯ ಜಾಣತನವನ್ನು ಬಯಲು ಮಾಡುತ್ತಾನೆ. ಎಮ್ಮೆಮಾಡಿನ ಉರೂಸಿಗೆ ಎಲ್ಲ ಜಾತಿಯವರೂ ಬರುತ್ತಾರೆ, ಅಲ್ಲಿಗೆ ಹರಕೆ ಹೊತ್ತು ಬಂದು ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವ ಭಕ್ತರ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು. ಮಲಗಿರುವ ಪುಣ್ಯಾತ್ಮರನ್ನು ಎಬ್ಬಿಸುವ ಅಗತ್ಯವಿಲ್ಲ.

ಒಬ್ಬೊಬ್ಬರ ಮನೆಯಲ್ಲಿ ಸಲುಗೆಯ ಗೆರೆ ಒಂದೊಂದು ಕಡೆ ಇರುತ್ತದೆ. ನಿಮ್ಮಲ್ಲಿ ಕೃಷ್ಣ ಬೆಣ್ಣೆ ಕದಿಯಬಹುದು ಎಂದ ಮಾತ್ರಕ್ಕೆ ಎಲ್ಲರ ಮನೆಯಲ್ಲಿಯೂ ಅದೇ ನಡೆಯಬೇಕೆಂದು ಕೇಳುವುದು ಸರಿಯಲ್ಲ.

ತಿತಿಮತಿ ರಸ್ತೆ

ಹಾಗಾದರೆ ತನ್ನ ಮನೆಯ ದೇವರ ಬಗ್ಗೆ ಮಾತ್ರ ಬರೆಯಬೇಕೆಂದು ನಿಯಮ ಮಾಡೋಣವೇ?

ನಾಪೋಕ್ಲು ಪೇಟೆ

ನಿಯಮ ಬೇಡ. ಇನ್ನೊಬ್ಬರ ಮನೆಗೆ ಹೋಗುವಾಗ ಚಪ್ಪಲಿ ಎಲ್ಲಿ ಬಿಡಬೇಕೆಂದು ನೋಡಿಕೊಂಡರೆ ಸಾಕು.

ಹಳೆಯ ಮೇಷ್ಟ್ರು, ವಿರಾಜಪೇಟೆ

ಈ ನಡುವೆ ನನ್ನದೊಂದು ಸಿಟ್ಟನ್ನೂ ಹೊರಹಾಕುತ್ತೇನೆ. ಕನ್ನಡದಲ್ಲಿ ದೇವಲೋಕದ ಹಾಸ್ಯ ಎಂದರೆ ಯಮಧರ್ಮ, ಚಿತ್ರಗುಪ್ತರ ಕಚೇರಿಗೆ ಕಂಪ್ಯೂಟರ್ ಬಂತು, ನಾರದರ ಕೈಗೆ ಮೊಬೈಲ್ ಬಂತು, ಇಂದ್ರನ ಸಭೆಯಲ್ಲಿ ಕರೆಂಟು ಹೋಯಿತು ಎಂಬಲ್ಲಿಗೆ ಮುಗಿಯುತ್ತದೆ. ಪಾತ್ರದ ಹೆಸರನ್ನು ತೆಗೆದು ಯಾವುದೇ ಗುಮಾಸ್ತನ ಹೆಸರನ್ನು ಹಾಕಿದರೂ ಆ ಹಾಸ್ಯ ಹಾಗೆಯೇ ಇರುತ್ತದೆ. ಅದರಲ್ಲಿ ದೇವರೇ ಇಲ್ಲ, ಆದ್ದರಿಂದ ಅವಮಾನವೂ ಇಲ್ಲ, ಪ್ರೀತಿಯೂ ಇಲ್ಲ. ಅಗಸ್ತ್ಯರ ಕಥೆ ನನಗೆ ಹಿಡಿಸಿದ್ದು ಅದು ಬೇರೆ ಯಾವ ಋಷಿಗೂ ಹೊಂದುವುದಿಲ್ಲ ಎಂಬ ಕಾರಣಕ್ಕೆ. ಸಮುದ್ರ ಕುಡಿದವರು ಒಂದು ಕಮಂಡಲು ನೀರನ್ನು ಕಾಯಲಾರದೆ ಹೋದರೆಂಬ ವಿಚಿತ್ರ ಪುರಾಣದೊಳಗೇ ಇದೆ, ಲೇಖಕಿ ಅದನ್ನು ಕಂಡಿದ್ದಾರೆ, ಅಷ್ಟೇ. ನಮ್ಮ ಹರದಾಸ ಅಪ್ಪಚ್ಚ ಕವಿಗಳು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಬರೆದ ನಾಟಕಗಳಲ್ಲಿ ಒಂದಕ್ಕೆ ಕಾವೇರಿಯೇ ವಸ್ತು ಎಂಬುದನ್ನೂ ನೆನಪಿಸುತ್ತೇನೆ. ಈ ತಾಯಿಯನ್ನು ರಂಗಕ್ಕೆ ತರುವುದು ಕೊಡಗಿಗೆ ಹೊಸದಲ್ಲ.

ಪ್ರವಾಸಿ ಮಿತ್ರ

ಕಾಗೆಯ ರೂಪದಲ್ಲಿ ಬಂದ ಗಣಪತಿ ಕಮಂಡಲುವನ್ನು ಉರುಳಿಸಿದ ಕಾರಣ ಕಾವೇರಿ ಹರಿದಳು ಎಂದು ನಾವು ಓದಿದ್ದೇವೆ. ನಿಮ್ಮ ಕಥೆಯಲ್ಲಿ ಕಾಗೆ ಏಕಿಲ್ಲ?

ಭಾಗಮಂಡಲದ ಸೊಸೆ

ಆ ಕಥೆಯೂ ಇದೆ, ನಾನು ಬೇಕೆಂದೇ ಬಿಟ್ಟಿದ್ದೇನೆ. ಕಾಗೆ ಉರುಳಿಸಿದರೆ ಆಕೆ ಚೆಲ್ಲಿಹೋದಂತಾಗುತ್ತದೆ. ನನಗೆ ಬೇಕಾಗಿರುವುದು ತಾನಾಗಿಯೇ ಹೊರಟವಳು.

ವಕಾಲತ್ತು, ಮಡಿಕೇರಿ

ಇನ್ನೊಂದು ಸೂಕ್ಷ್ಮ ಇದೆ. ತಮಿಳಿಗೆ ವ್ಯಾಕರಣ ಕೊಟ್ಟವರೆಂದು ಅಗಸ್ತ್ಯರನ್ನು ತಮಿಳರು ಪೂಜಿಸುತ್ತಾರೆ. ನಿಮ್ಮ ಕಥೆಯಲ್ಲಿ ಅವರು ಬಲಮುರಿಯ ಹೆಂಗಸರ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ?

ಭಾಗಮಂಡಲದ ಸೊಸೆ

ಅವರು ಶುದ್ಧ ಗ್ರಂಥಸ್ಥ ಕನ್ನಡದಲ್ಲಿ ಕೇಳುತ್ತಾರೆ, ಹೆಂಗಸರು ಕೊಡವ ತಕ್ಕಿನಲ್ಲಿ ಉತ್ತರಿಸುತ್ತಾರೆ. ಅರ್ಧ ಅರ್ಥವಾಗದಿದ್ದರೂ ಬೈಗುಳ ಪೂರ್ತಿ ಅರ್ಥವಾಗುತ್ತದೆ.

ರೊಬಸ್ಟಾ ರೈತ

ಹಾಗಾದರೆ ಅವರು ಮುಂದೆ ನ್ಯಾಯಮಂಡಳಿಗೂ ಅರ್ಜಿ ಹಾಕಲಿ. 2018ರ ಫೆಬ್ರವರಿಯ ಸುಪ್ರೀಂ ಕೋರ್ಟಿನ ತೀರ್ಪಿನಂತೆ ತಮಿಳುನಾಡಿಗೆ 404.25 ಟಿಎಂಸಿ, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಮೂಲ ವಾರಸುದಾರರಾದ ಅಗಸ್ತ್ಯರಿಗೆ ಒಂದು ಕಮಂಡಲುವೂ ಇಲ್ಲವೆಂಬುದು ಎಂಥ ಅನ್ಯಾಯ!

ಗೋಣಿಕೊಪ್ಪದ ಓದುಗಿ

ದಯವಿಟ್ಟು ಅದನ್ನು ತರಬೇಡಿ. ಟಿಎಂಸಿ ಎಂಬ ಮೂರು ಅಕ್ಷರ ಬಂದ ಕ್ಷಣದಲ್ಲಿ ಓದುಗರು ಕಾವೇರಮ್ಮನನ್ನು ಮರೆತು ಅಣೆಕಟ್ಟಿನ ಮಟ್ಟ ನೋಡಲು ಹೊರಡುತ್ತಾರೆ.

ವಕಾಲತ್ತು, ಮಡಿಕೇರಿ

ಅಲ್ಲದೆ ಹೆಂಡತಿಯ ಮೇಲೆ ವಾರಸುದಾರಿಕೆ ಕೇಳುವ ಅರ್ಜಿಯನ್ನು ಯಾವ ನ್ಯಾಯಾಲಯವೂ ದಾಖಲಿಸಿಕೊಳ್ಳುವುದಿಲ್ಲ.

ಹಳೆಯ ಮೇಷ್ಟ್ರು, ವಿರಾಜಪೇಟೆ

ಕಥೆಯನ್ನು ಎಲ್ಲಿ ಮುಗಿಸಿದ್ದೀರಿ, ಅಮ್ಮಾ?

ಭಾಗಮಂಡಲದ ಸೊಸೆ

ತುಲಾ ಸಂಕ್ರಮಣದ ರಾತ್ರಿ ತಲಕಾವೇರಿಯಲ್ಲಿ. ವರ್ಷಕ್ಕೊಮ್ಮೆ ಬರುತ್ತೇನೆಂದು ಆಕೆ ಕೊಡಗಿನವರಿಗೆ ಮಾತು ಕೊಟ್ಟಿದ್ದಾಳಲ್ಲ, ಆ ದಿನ ತೀರ್ಥೋದ್ಭವಕ್ಕೆ ಕಾದು ನಿಂತ ಜನರ ಸಾಲಿನಲ್ಲಿ ಅಗಸ್ತ್ಯರೂ ಚಳಿಗೆ ನಡುಗುತ್ತಾ ನಿಂತಿರುತ್ತಾರೆ. ತಾನು ಯಾರೆಂದು ಹೇಳಿಕೊಂಡು ಮುಂದೆ ಹೋಗುವುದಿಲ್ಲ. ತೀರ್ಥ ಉಕ್ಕುವ ಪುಟ್ಟ ಕೊಳವಾದ ಕುಂಡಿಕೆಯ ಹತ್ತಿರ ತಲುಪಿದಾಗ ಸ್ವಯಂಸೇವಕನೊಬ್ಬ ಅವರ ಕೈಯಲ್ಲಿರುವ ಪಾತ್ರೆಯನ್ನು ನೋಡಿ, "ಅಜ್ಜ, ಇದಕ್ಕೆ ಮುಚ್ಚಳ ಇಲ್ಲವಲ್ಲ, ದಾರಿಯಲ್ಲಿ ಚೆಲ್ಲಿಹೋಗುತ್ತದೆ" ಎನ್ನುತ್ತಾನೆ. ಅವರು "ಗೊತ್ತು ಮಗಾ, ಆದರೂ ಹಾಕು" ಎನ್ನುತ್ತಾರೆ.

ಕಡಂಬುಟ್ಟು

ಕಮಂಡಲುವಿಗೆ ಮುಚ್ಚಳ ಇರುತ್ತದೆಯೋ ಇಲ್ಲವೋ ಎಂಬುದರ ಬಗ್ಗೆ ಬೇರೆಯದೇ ಚರ್ಚೆ ಆರಂಭಿಸಬೇಕಾಗುತ್ತದೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿರುವ ಋಷಿಯದಕ್ಕೆ ಇಲ್ಲ.

ಮಕ್ಕಂದೂರು ಮಣ್ಣು

ಮುಚ್ಚಳ ಇಲ್ಲದೆಯೇ ಇರಲಿ. ಸಂಚಿಕೆಯವರು ಹಾಕದಿದ್ದರೆ ಕಥೆಯನ್ನು ನನಗೆ ಕಳುಹಿಸಿ, ಈ ಸಲ ಕನ್ನಿ ಪೂಜೆಯ ದಿನ ನಮ್ಮ ಅವ್ವನಿಗೆ ಓದಿ ಹೇಳುತ್ತೇನೆ.